ತಿನ್ರಿ ಅನಬಾರದು

ಹುಬ್ಬಳ್ಳಿ
12 ಜೂನ್ 1983

ಚಾಂದಾ,

ಹಾನಗಲ್ಲಾಗ ಕಲಿಯೂಮುಂದ ಎರಡು ವರ್ಷ ಒಂದ ಖೋಲ್ಯಾಗ ಇದ್ದವರು ನಾವು. ಮೂರು ವರ್ಷ ಒಂದು ಕಾಗದ ಹಾಕಲಿಲ್ಲ, ಈಗ ಕೆಲಸ ಬಿತ್ತು, ಬರದ್ಲು ಅಂತ ಬೈತಿ. ಬೈ. ಬೈದು ಮುಗಿಸಿ ಪೂರ್ತಿ ಓದು.

ನಾ ಇಲ್ಲೆ ಸಂಶೋಧನಾ ಕೇಂದ್ರದಾಗ ಪಿಎಚ್.ಡಿ. ಮಾಡಾಕತ್ತೇನಿ. ಕಣ್ಣ ಮುಂದ ತಿನಿಸು ಇದ್ದಾಗ ಮನುಷ್ಯಾ ಬಾಯಿ ಹೆಂಗ ಕಟ್ಟತಾನ, ಯಾವಾಗ ಬಿಡತಾನ, ಅದನ್ನ ಅಳಿಯೂದು ಹೆಂಗ, ಇದು ನನ್ನ ವಿಷಯ. ನಗಬ್ಯಾಡ. ಹೊರದೇಶದಾಗ ಇದರ ಮ್ಯಾಲೆ ಭಾಳ ಪ್ರಯೋಗ ಆಗ್ಯಾವು. ಬಾಯಿ ಕಟ್ಟಿದವರಿಗೆ ಮೊದಲ ಒಂದಿಷ್ಟು ಸಿಹಿ ಕುಡಿಸಿಬಿಟ್ರ, ‘ಹೆಂಗೂ ಕೆಟ್ಟಿತು, ಇನ್ನೇನು’ ಅಂತ ಆಮ್ಯಾಲೆ ತಡಿ ಇಲ್ಲದ ತಿಂತಾರಂತ. ನಮ್ಮ ಮಂದೀನೂ ಹಂಗ ಮಾಡ್ತಾರೇನು ನೋಡಬೇಕು. ಹಾನಗಲ್ಲ, ಹಿರೇಕೆರೂರು ನಾ ನೋಡಿಕೊಂತೇನಿ. ಸವಣೂರು, ಶಿಗ್ಗಾವಿ ತಾಲೂಕು ನಿನ್ನ ಪಾಲಿಗೆ.

ಮಾಡೂದು ಇಷ್ಟ. ಒಬ್ಬೊಬ್ಬರನ್ನ ಕರದು ಒಂದು ಖೋಲ್ಯಾಗ ಕೂಡ್ರಿಸು. ಅರ್ಧ ಮಂದಿಗೆ ಮೊದಲು ಒಂದು ವಾಟಗಾ ಸಕ್ಕರಿ ಹಾಕಿದ ಹಾಲು ಕೊಡು, ಉಳಿದರ್ಧ ಮಂದಿಗೆ ಕೊಡಬ್ಯಾಡ. ಆಮ್ಯಾಲೆ ಎದುರಿಗೆ ತಾಟಿನಾಗ ಇಪ್ಪತ್ತು ಶೇಂಗಾ ಉಂಡಿ ಇಡು, ಎಲ್ಲಾ ಒಂದ ಗಾತ್ರದ್ದು. ಹನ್ನೆರಡು ಚಿತ್ರ ಕಳಿಸೇನಿ, ಅವನ್ನ ಕೈಯಾಗ ಕೊಟ್ಟು ‘ಇವು ನೆನಪಿನಾಗ ಉಳೀತಾವೇನು ನೋಡ್ತೇವಿ’ ಅನ್ನು. ‘ಉಂಡಿ ಅದಾವು’ ಅಂತ ಒಂದ ಸಲ ಹೇಳಿ ಹೊರಗ ಬಾ. ಕಾಲು ತಾಸು ಬಿಟ್ಟು ಹೋಗಿ ಎಷ್ಟು ಉಳದಾವು ಎಣಸು. ಜೋಡಿ ಹತ್ತು ಪ್ರಶ್ನೆ ಅದಾವು, ಅವನ್ನೂ ಕೇಳು. ಒಂದ ಒಂದು ನಿಯಮ: ‘ತಿನ್ರಿ’ ಅನಬಾರದು. ಅಂದ್ರ ಅವರ ಮನಸ್ಸು ಅಳದಂಗ ಆಗೂದಿಲ್ಲ, ನಿನ್ನ ಒತ್ತಾಯ ಅಳದಂಗ ಆಗತೈತಿ.

ನನ್ನ ಐದು ವರ್ಷದ ಮುದತ್ತು ಬರೂ ಮಾರ್ಚ 31ಕ್ಕೆ ಮುಗೀತೈತಿ. ಅವತ್ತಿನೊಳಗ ಪ್ರಬಂಧ ಕೊಡದಿದ್ರ ಹೆಸರು ಹೊಡದು ಹಾಕ್ತಾರ. ಅಪ್ಪ ಹಿರೇಕೆರೂರು ಸಂತ್ಯಾಗ ಕಂಡಕಂಡವರಿಗೆ ‘ಮಗಳು ಡಾಕ್ಟರ ಆಗ್ತಾಳ, ಸೂಜಿ ಚುಚ್ಚೂ ಡಾಕ್ಟರಲ್ಲ, ಬುದ್ಧಿ ಡಾಕ್ಟರ’ ಅಂತ ಹೇಳಿಕೊಂತ ಅಡ್ಡಾಡಾಕತ್ತಾನ. ನನ್ನ ಕೈ ಬಿಡಬ್ಯಾಡ.

ನಿನ್ನ,
ಮಾದೇವಿ


ಸವಣೂರು
3 ಜುಲೈ 1983

ಮಾದೇವಿ,

ಕ್ಷೇಮ ಗೀಮ ಆಮ್ಯಾಲೆ ಕೇಳ್ತೇನಿ. ಮೊದಲ ನಿನ್ನ ಪ್ರಯೋಗಕ್ಕ ಬೆಂಕಿ ಹಚ್ಚು.

ಸಾಲಿ ಬಿಟ್ಟಮ್ಯಾಲೆ ದಿನಾ ಇಬ್ಬರು ಮೂವರನ್ನ ಮನಿಗೆ ಕರದೆ. ಒಟ್ಟು ಇಪ್ಪತ್ತೆರಡು ಮಂದಿ. ಶೇಂಗಾ ಹುರದು, ಸಿಪ್ಪಿ ತಗದು, ಕುಟ್ಟಿ, ಬೆಲ್ಲ ಕಲಸಿ ಒಂದ ಗಾತ್ರದ ಉಂಡಿ ಕಟ್ಟಿ ಕಟ್ಟಿ ನನ್ನ ರಟ್ಟಿ ಬಿದ್ದು ಹೋದ್ವು. ತಿಂದವರೆಷ್ಟು? ಒಬ್ಬಾಂವ! ಅವನೂ ನಮ್ಮ ಕಾಕಾ ಇಸಾಕ, ಅಂವಗ ಮನಿ ಯಾವುದು ಮಸೂತಿ ಯಾವುದು ಅನ್ನೂದು ಮೊದಲಿಂದ ತಿಳೀವಲ್ದು. ಉಳಿದ ಇಪ್ಪತ್ತೊಂದು ತಾಟು ಇಟ್ಟಂಗ ಅದಾವು.

ಶೇಖಸಾಬ ಮಾಸ್ತರ ಬಂದಿದ್ರು, ನಮಗೆಲ್ಲಾ ಒಂದನೇ ಇಯತ್ತೆ ಕಲಿಸಿದವರು. ತೊಡಿ ಮ್ಯಾಲೆ ಕೈ ಇಟಗೊಂಡು ಕಾಲು ತಾಸು ನಿನ್ನ ಚಿತ್ರದಾಗಿನ ಆನಿ ನೋಡಿಕೊಂತ ಕುಂತ್ರು. ಹೋಗೂಮುಂದ ನಮ್ಮವ್ವಗ ಏನಂದ್ರು ಗೊತ್ತೇನು? ‘ರಹಿಮಾಬಿ, ನಿನ್ನ ಮಗಳು ಭಾಳ ಕಲತ್ಲು. ಮನಿಗೆ ಬಂದವರಿಗೆ ತಿನ್ರಿ ಅನ್ನೂದಷ್ಟ ಮರತ್ಲು.’ ಅವ್ವ ಅವತ್ತಿಂದ ನನ್ನ ಜೋಡಿ ಮಾತು ಬಿಟ್ಟಾಳ. ನಲವತ್ತು ವರ್ಷ ಗಳಿಸಿದ ಇಜ್ಜತ್ ಹದಿನೈದು ದಿನದಾಗ ಗಟಾರಕ್ಕ ಹಾಕಿದಿ ಅಂತ ಪಡಸಾಲ್ಯಾಗ ಕುಂತು ಗ್ವಾಡಿಗೆ ಹೇಳ್ತಾಳ.

ನಿನ್ನ ಪ್ರಶ್ನೆ ಅಂತೂ ಕೇಳಲೇಬ್ಯಾಡ. ‘ದುಃಖವಾದಾಗ ನೀವು ಹೆಚ್ಚು ತಿನ್ನುತ್ತೀರಾ?’ ಅಂದ್ರ ಚೌಡವ್ವ ಆಯಿ ನನ್ನ ಮಾರಿ ನೋಡಿ, ‘ಯವ್ವಾ, ದುಃಖ ಆದ ಮನ್ಯಾಗ ಒಲಿ ಹಚ್ಚೂದಿಲ್ಲಲ್ಲವಾ. ಆಜೂಬಾಜೂದವರು ತಂದಿದ್ದು ಉಣ್ಣಬೇಕು, ಉಳಿಸಿದ್ರ ಅವರು ನೊಂದಕೊಂತಾರ’ ಅಂದ್ಲು. ಇದಕ್ಕ ಹೌದು ಅಂತ ಬರೀಲೋ, ಇಲ್ಲ ಅಂತ ಬರೀಲೋ? ನೀನ ಹೇಳು.

ಕಾಗದೆಲ್ಲಾ ಕಟ್ಟಿ ಕಳಿಸೇನಿ. ಸೊನ್ನಿ ಎಣಸಾಕ ನಿನಗ ತ್ರಾಸ ಆಗೂದಿಲ್ಲ.

ಚಾಂದಬಿ


ಹುಬ್ಬಳ್ಳಿ
15 ಜುಲೈ 1983

ಚಾಂದಾ,

ಇಪ್ಪತ್ತೊಂದು ಸೊನ್ನಿ ತಗೊಂಡು ನಾ ಏನು ಮಾಡಲಿ? ಹಾಲು ಕುಡದವರೂ ಸೊನ್ನಿ, ಕುಡೀದವರೂ ಸೊನ್ನಿ. ಗೈಡ ಸರ್ ನೋಡಿ, ‘ನಿಮ್ಮ ಕಡೆ ಮಂದಿ ಎಲ್ಲಾ ಋಷಿಗಳೇನು’ ಅಂತ ಕೇಳಿದ್ರು. ಎದುರಿಗಿದ್ದವರೆಲ್ಲಾ ನಕ್ರು.

ನೀ ಎಲ್ಲೋ ತಪ್ಪು ಮಾಡಿದಿ. ಬಾಗಲಾ ತಗದಿತ್ತೇನು? ಸಂದ್ಯಾಗ ನಿಂತು ನೋಡಾಕತ್ತಿದ್ದಿ ಏನು? ಹಾನಗಲ್ಲಾಗ, ಹಿರೇಕೆರೂರಾಗ ನನ್ನ ಕೆಲಸ ಛಲೋ ನಡದೈತಿ, ಇಂಥಾ ತೊಂದ್ರಿ ಏನೂ ಆಗಿಲ್ಲ. ಸವಣೂರಾಗ ಎಲ್ಲಾರೂ ನಿನಗ ಗುರುತಿನವರು, ಅದಕ್ಕ ನಾಚ್ಯಾರ. ಶಿಗ್ಗಾವಿ ತಾಲೂಕಿನಾಗ ಮಾಡು. ಹುಲಗೂರಾಗ ನಿಮ್ಮ ಮಾವಶಿ ಕುಲಸುಮಬಿ ಅದಾಳಲ್ಲ, ಆಕಿ ಮನ್ಯಾಗ ಮಾಡು. ಅರವತ್ತು ಮಂದಿ ಬೇಕು.

ನಿಮ್ಮವ್ವಗ ನಾ ಕ್ಷಮಾ ಕೇಳೇನಿ ಅಂತ ಹೇಳು. ಆದ್ರ ‘ತಿನ್ರಿ’ ಮಾತ್ರ ಬ್ಯಾಡ.

ಮಾದೇವಿ


ಸವಣೂರು
2 ಆಗಸ್ಟ್ 1983

ಮಾದೇವಿ,

ತಪ್ಪು ನಂದ? ಆತವಾ, ನಂದ. ಹಂಗಂದ್ರ ತಪ್ಪಿಲ್ಲದಾಕಿ ನೀ ಬಾ. ಹುಬ್ಬಳ್ಳಿಯಿಂದ ಎರಡು ಬಸ್ಸಿನ ದಾರಿ. ಮುಂಜಾನೆ ಬಂದು ಸಂಜಿಗೆ ತಿರುಗಿ ಹೋಗಬಹುದು. ಹಿರೇಕೆರೂರಿಗೆ ಹೋಗಾಕ ಪುರಸತ್ತು ಐತಿ, ಸವಣೂರಿಗೆ ಬರಾಕ ಕಾಲಿಗೆ ಮುಳ್ಳು ನಟ್ಟೈತೇನು? ನೀ ಬಂದು ಉಂಡಿ ಇಟ್ಟು, ಬಾಯಿಗೆ ಬೀಗ ಜಡಕೊಂಡು ಹೊರಗ ನಿಂದ್ರು. ಮಂದಿ ತಿಂತಾರೋ ಎದ್ದು ಹೋಗ್ತಾರೋ ಕಣ್ಣಾರೆ ನೋಡು.

ದೊಡ್ಡ ಮಂದಿ ಆದ್ರಿ. ಇರ್ರಿ.

ಚಾಂದಬಿ


ಹುಬ್ಬಳ್ಳಿ
9 ಆಗಸ್ಟ್ 1983

ಚಾಂದಾ, ಬರಾಕ ಆಗೂದಿಲ್ಲ. ಯಾಕಂತ ಕೇಳಬ್ಯಾಡ. ಅರವತ್ತು ಮಂದಿ ಆಗದಿದ್ರ ಪ್ರಬಂಧ ಇಲ್ಲ, ಇಷ್ಟ ತಿಳಕೋ. ನಿನ್ನ ಕಾಲಿಗೆ ಬೀಳ್ತೇನಿ.

ಮಾದೇವಿ


ಸವಣೂರು
18 ಅಕ್ಟೋಬರ್ 1983

ಮಾದೇವಿ,

ನೀ ಕೇಳಿದ ಅರವತ್ತು ಮಂದಿ ಕಾಗದ ಇದರ ಜೋಡಿ ಐತಿ. ದಸರಾ ಸೂಟಿಯೊಳಗ ಹುಲಗೂರಿಗೆ ಹೋಗಿ ಮಾವಶಿ ಮನ್ಯಾಗ ಹನ್ನೆರಡು ದಿನ ಇದ್ದು ಮಾಡೇನಿ. ಮೂವತ್ತು ಮಂದಿಗೆ ಹಾಲು ಕೊಟ್ಟೇನಿ, ಮೂವತ್ತು ಮಂದಿಗೆ ಇಲ್ಲ. ಉಂಡಿ ಕಟ್ಟಾಕ ಅವ್ವನೂ ಬಂದಿದ್ಲು. ಮಾತು ಆಡಾಕತ್ತಾಳ.

ಈ ಸಲ ಸೊನ್ನಿ ಕಡಿಮಿ ಅದಾವು. ನಾ ಯಾರಿಗೂ ‘ತಿನ್ರಿ’ ಅಂದಿಲ್ಲ. ಖರೇನ ಅಂದಿಲ್ಲ.

ಆರಾಮ ಇರು.

ಚಾಂದಬಿ


ಹುಬ್ಬಳ್ಳಿ
5 ನವೆಂಬರ್ 1983

ನನ್ನ ಚಾಂದಾ!

ನಿನ್ನ ಬಾಯಾಗ ಸಕ್ಕರಿ ಹಾಕಬೇಕು. ಮೂರು ದಿನ ಕುಂತು ಲೆಕ್ಕ ಹಾಕೇನಿ. ಹಾಲು ಕುಡೀದವರು ಸರಾಸರಿ ಒಂದು ಉಂಡಿನೂ ಪೂರ್ತಿ ತಿಂದಿಲ್ಲ. ಹಾಲು ಕುಡದವರು ಐದೂವರಿ! ಹೊಟ್ಟಿ ಒಳಗ ಹಾಲು ಇದ್ದವರು ಕಡಿಮಿ ತಿನ್ನಬೇಕಿತ್ತು, ಹೆಚ್ಚು ತಿಂದಾರ. ಹೊರದೇಶದಾಗ ಬಂದದ್ದ ನಮ್ಮ ಹುಲಗೂರಾಗೂ ಬಂತು. ಒಮ್ಮೆ ಕಟ್ಟು ಒಡೀತಂದ್ರ ಮನುಷ್ಯಾ ಎಲ್ಲಾ ಕಡೆ ಒಂದ. ಗೈಡ ಸರ್ ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಕುಲುಕಿದ್ರು, ಐದು ವರ್ಷದಾಗ ಮೊದಲನೇ ಸಲ. ಬ್ಯಾಸಗಿ ಸಮ್ಮೇಳನದಾಗ ಅವರು ಇದನ್ನ ಓದ್ತಾರಂತ.

ನೋಡಿದ್ಯಾ, ನಿಯಮ ಪಾಲಿಸಿದ್ರ ಎಲ್ಲಾ ಬರತೈತಿ. ಮೊದಲ ಸಲ ನೀ ತಪ್ಪು ಮಾಡಿದ್ದಿ, ಈಗರೆ ಒಪ್ಪಿಕೋ.

ನಿನ್ನ ಮಾದೇವಿ


ಹುಬ್ಬಳ್ಳಿ
20 ಫೆಬ್ರುವರಿ 1984

ಚಾಂದಾ,

ದೀಪಾವಳಿಗೂ ಕಾಗದ ಇಲ್ಲ, ಸಂಕ್ರಾಂತಿಗೂ ಇಲ್ಲ. ಸಾಲ್ಯಾಗ ಕೆಲಸ ಹೆಚ್ಚಾಗಿರಬೇಕು. ನನ್ನ ಪ್ರಬಂಧ ಟೈಪ ಆಗಾಕತ್ತೈತಿ. ಐದನೇ ಅಧ್ಯಾಯ ಪೂರ್ತಿ ನಿಂದು ಅನ್ನು. ಅದರಾಗಿಂದು ಒಂದು ಹಾಳಿ ಕನ್ನಡಕ್ಕ ಮಾಡಿ ಇಲ್ಲೆ ಬರದೇನಿ, ಓದಿ ಖುಷಿ ಪಡು.

‘ಮೂವತ್ತನಾಲ್ಕನೆಯ ವ್ಯಕ್ತಿ: ವಿಧವೆ, ವಯಸ್ಸು ಸುಮಾರು 45, ಕೃಷಿ ಕೂಲಿ, ಹುಲಗೂರು. ಹಾಲು ಸೇವನೆಯ ನಂತರ ಹದಿನೈದು ನಿಮಿಷಗಳಲ್ಲಿ ಹದಿನೇಳು ಉಂಡೆಗಳನ್ನು ತಿಂದಿದ್ದಾರೆ. ಇದು ಆಹಾರದ ಬಗೆಗಿನ ಸ್ವನಿಯಂತ್ರಣ ಸಂಪೂರ್ಣವಾಗಿ ಕುಸಿದುದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನವಾಗಿದೆ.’

ಸರ್‌ಗೆ ಈ ಹೆಣ್ಣಮಗಳು ಭಾಳ ಸೇರ್ಯಾಳ. ಸಮ್ಮೇಳನದಾಗ ಆಕೀದ ಮೊದಲು ಹೇಳ್ತಾರಂತ.

ಮಾದೇವಿ


ಸವಣೂರು
26 ಫೆಬ್ರುವರಿ 1984

ಮಾದೇವಿ,

ನಿನ್ನ ಹಾಳಿ ಮೂರು ಸಲ ಓದಿದೆ.

ಮೂವತ್ತನಾಲ್ಕು ಅಂದ್ರ ಅಡಿವೆವ್ವ. ಮಾವಶಿ ಹೊಲಕ್ಕ ಹತ್ತಿ ಬಿಡಸಾಕ ಬರ್ತಾಳ. ಆಕಿ ಹದಿನೇಳು ಉಂಡಿ ತಿನ್ನಲಿಲ್ಲ. ಹಾಲಷ್ಟ ಕುಡದ್ಲು, ಉಂಡಿ ಒಂದೂ ತಿನ್ನಲಿಲ್ಲ, ಅವತ್ತು ಆಕೀದು ಸೋಮವಾರದ ಒಪ್ಪತ್ತು. ಆಕಿ ಮಗಳು ಬಾಣಂತನಕ್ಕ ಬಂದಿದ್ಲು. ಅದು ಕಿವಿಗೆ ಬಿದ್ದ ಕೂಡ್ಲೆ ನಮ್ಮವ್ವ ಒಳಗ ನುಗ್ಗಿ, ‘ಬಾಣಂತಿ ಇದ್ದ ಮನಿಗೆ ಬರಿಗೈಲೆ ಕಳಿಸಿದ್ರ ನನಗ ದೋಜಖದ ಬೆಂಕಿ ಕಾಯಂ’ ಅಂತ ತಾನ ತಾಟು ಎತ್ತಿ ಆಕಿ ಸೆರಗಿನಾಗ ಸುರುವಿ ಗಂಟು ಹಾಕಿದ್ಲು. ಮೂರು ಉಂಡಿ ಕೆಳಗ ಬಿದ್ವು, ಅವ ಉಳದದ್ದು. ಅಡಿವೆವ್ವ ಬ್ಯಾಡ ಬ್ಯಾಡ ಅಂತ ಸೆರಗು ಎಳಕೊಳ್ಳಾಕತ್ತಿದ್ಲು. ನಾ ಹೊರಗ ಬಂದು ಮೂರು ಉಳದಾವು, ಹದಿನೇಳು ಹೋಗ್ಯಾವು ಅಂತ ಬರದೆ. ನೀ ಎಣಸು ಅಂದಿದ್ದಿ, ಎಣಿಸಿದೆ.

ಪೂರ್ತಿ ಹೇಳ್ತೇನಿ ಕೇಳು. ಬ್ಯಾನಿ ಹೊಟ್ಟ್ಯಾಗ ಇಟಗೊಂಡು ನಾಲ್ಕು ತಿಂಗಳಾತು. ನಾ ‘ತಿನ್ರಿ’ ಅಂದಿಲ್ಲ ಅನ್ನೂದು ಖರೆ. ಅಂದದ್ದು ನಮ್ಮವ್ವ. ಬಾಗಲದ ಹಿಂದ ಕುಂತು, ‘ತಗೋರೆಪ್ಪಾ, ಇನ್ನೊಂದು ತಗೋರಿ, ನನ್ನ ಆಣಿ ಐತಿ’ ಅಂತಿದ್ಲು. ನನಗ ಕೇಳಸ್ತಿತ್ತು. ನಾ ಸುಮ್ಮನಿದ್ದೆ. ನೀ ಕಾಲಿಗೆ ಬೀಳ್ತೇನಿ ಅಂತ ಬರದಿದ್ದಿ, ಇನ್ನೊಮ್ಮೆ ಅರವತ್ತು ಸೊನ್ನಿ ಕಳಿಸಾಕ ನನಗ ಮನಸ್ಸಾಗಲಿಲ್ಲ.

ಹಾಲು ಕುಡದವರು ಯಾಕ ಹೆಚ್ಚು ತಿಂದ್ರು ಅನ್ನೂದೂ ಹೇಳ್ತೇನಿ, ಹೊರದೇಶ ಬಿಡು. ಕೈಯಾಗ ಹಾಲು ಕೊಟ್ಟಮ್ಯಾಲೆ ಅವರು ಮೆಹಮಾನರು, ಮನಿಗೆ ಬಂದ ಬೀಗರಿದ್ದಂಗ. ನಮ್ಮವ್ವಗ ಧೈರ್ಯಾ ಬರ್ತಿತ್ತು, ಒತ್ತಾಯ ಮಾಡ್ತಿದ್ಲು, ಅವರೂ ತಿಂತಿದ್ರು. ಹಾಲು ಕೊಡದವರ ಮುಂದ ಆಕಿಗೆ ಮಾರಿ ತೋರಸಾಕ ನಾಚಿಕಿ. ಒಂದು ವಾಟಗಾ ಹಾಲು ಕೊಡದ ಯಾವ ಬಾಯಿಲೆ ‘ತಿನ್ರಿ’ ಅನ್ನೂದು ಅಂತ ಅಡಗಿಮನ್ಯಾಗ ಹೊಕ್ಕಬಿಡ್ತಿದ್ಲು. ಅದಕ್ಕ ಅವರು ತಿನ್ನಲಿಲ್ಲ. ಮಾದೇವಿ, ನೀ ಅಳದದ್ದು ಯಾರ ಮನಸ್ಸೂ ಅಲ್ಲ. ನಮ್ಮವ್ವ ಯಾವಾಗ ಬಾಯಿ ತಗದ್ಲು, ಯಾವಾಗ ಮುಚ್ಚಿದ್ಲು, ಅಷ್ಟ.

ನಿನ್ನ ಡಿಗ್ರಿ ನಿನಗ ಬರಲಿ ಅಂತ ಬಾಯಿ ಮುಚ್ಚಕೊಂಡಿದ್ದೆ, ಮುಚ್ಚಕೊಂಡ ಇರ್ತಿದ್ದೆ. ಆದ್ರ ಉಪಾಸ ಇದ್ದಾಕಿನ್ನ ಹೊಟ್ಟಿಬಾಕಿ ಅಂತ ಬರದು ಊರೂರು ಓದ್ತೀರೇನು? ಇಡೀ ಹುಲಗೂರಾಗ ಅವತ್ತು ಬಾಯಿ ಕಟ್ಟಿದಾಕಿ ಅಂತ ಇದ್ರ ಆಕಿ ಒಬ್ಬಾಕಿ!

ಚಾಂದಬಿ


ಹುಬ್ಬಳ್ಳಿ
2 ಮಾರ್ಚ್ 1984

ಚಾಂದಬಿ,

ಈಗ ಹೇಳ್ತೀಯೇನು? ಈಗ? ಇಪ್ಪತ್ತೊಂಬತ್ತು ದಿನ ಉಳದಾವು. ನೂರಾ ಎಂಬತ್ತು ಹಾಳಿ ಟೈಪ ಆಗ್ಯಾವು. ನಿನಗ ಗೆಳತಿ ಅಂತ ಕೆಲಸ ಹೇಳಿದೆ ನೋಡು, ನನ್ನ ಕೆರ ತಗೊಂಡು ನಾನ ಹೊಡಕೋಬೇಕು. ಒಂದ ಒಂದು ನಿಯಮ ಹೇಳಿದ್ದೆ. ಒಂದ! ನಿನ್ನ ಕೈಲೆ ನಿಮ್ಮವ್ವನ ಬಾಯಿ ಕಾಯಾಕ ಆಗಲಿಲ್ಲ.

ಇನ್ನ ಮ್ಯಾಲೆ ನನಗ ಬರೀಬ್ಯಾಡ.

ಮಾದೇವಿ


ಸವಣೂರು
10 ಮಾರ್ಚ್ 1984

ಮಾದೇವಿ,

ಬರೀಬ್ಯಾಡ ಅಂದ್ರೂ ಬರದೇನಿ. ತಪ್ಪಾತು. ಅಕ್ಟೋಬರದಾಗ ಹೇಳಬೇಕಿತ್ತು, ಹೇಳಲಿಲ್ಲ. ಅವ್ವಗ ನಿನ್ನ ಸಿಟ್ಟು ಹೇಳಿದೆ. ಆಕಿ, ‘ಆ ಹುಡಿಗಿ ನಾಕು ದಿನ ನನ್ನ ಮನ್ಯಾಗ ಉಂಡಿದ್ರ ಹಿಂಗ ಆಗ್ತಿದ್ದಿಲ್ಲ’ ಅಂದ್ಲು. ಆಕಿಗೆ ಏನೂ ತಿಳೀದು, ಬಿಡು.

ನಾ ಒಂದ ಕೇಳ್ತೇನಿ. ಉಳಿದದ್ದೆಲ್ಲಾ ನಿನಗ ಬೇಕಾದಂಗ ಇಟಗೋ, ನಾ ಯಾರ ಮುಂದೂ ತುಟಿ ಬಿಚ್ಚೂದಿಲ್ಲ. ಅಡಿವೆವ್ವನ್ನಷ್ಟ ತಗದಬಿಡು. ತಗದೇನಿ ಅಂತ ಒಂದು ಕಾರ್ಡ ಹಾಕು.

ಚಾಂದಬಿ


ಸವಣೂರು
12 ಏಪ್ರಿಲ್ 1984

ಡಾ. ಮಾದೇವಿಯವರ ಸನ್ನಿಧಾನಕ್ಕೆ,

ಸವಣೂರಿನ ಸಾಲಿ ಟೀಚರ ಚಾಂದಬಿಯ ಸಲಾಂ. ತಮ್ಮ ಕಾರ್ಡಿನ ದಾರಿ ಕಾದು ಕಾದು ಕಣ್ಣು ಬಿದ್ದು ಹೋದ್ವುರಿ. ನಮ್ಮ ಸಾಲಿ ಸಿರಾಜುದ್ದೀನ ಮಾಸ್ತರು, ಹಾನಗಲ್ಲಾಗ ನಮ್ಮ ಜೋಡಿನ ಕಲತವರು, ಮಾರ್ಚ 31ಕ್ಕೆ ಹುಬ್ಬಳ್ಳಿಗೆ ಬಂದಿದ್ರು. ತಾವು ಎದಿಗೆ ದೊಡ್ಡ ಗಂಟು ಅವಚಕೊಂಡು ಕೇಂದ್ರದ ಆಫೀಸಿನ ಮೆಟ್ಟಲ ಹತ್ತೂದನ್ನ ನೋಡಿದ್ರಂತ. ಕರದ್ರೂ ತಿರುಗಿ ನೋಡಲಿಲ್ಲಂತ. ಹೌದ್ರಿ, ಯಾಕ ನೋಡ್ತೀರಿ? ಕೆಲಸ ಆತಲ್ಲ.

ಹುಚ್ಚುಮುಂಡಿ ಮದಿವ್ಯಾಗ ಉಂಡಾಂವನ ಜಾಣ ಅಂತಾರ. ತಾವು ಜಾಣರು. ಉಪಾಸ ಇದ್ದ ಅಡಿವೆವ್ವನ ಬೆನ್ನ ಮ್ಯಾಲೆ ಕಾಲಿಟ್ಟು ಡಾಕ್ಟರ ಆದ್ರಿ. ಆಕಿ ಮೊನ್ನೆ ಮಾವಶಿ ಮನಿಗೆ ಬಂದಾಗ ಸಿಕ್ಕಿದ್ಲು. ‘ಆ ಅಕ್ಕಾರ ಪರೀಕ್ಷಾದಾಗ ನಾ ಪಾಸ ಆದ್ನೇನವಾ’ ಅಂತ ಕೇಳಿದ್ಲು. ನಾ ಆತವಾ ಅಂದೆ. ಮತ್ತೇನು ಹೇಳ್ಲಿ?

ಇಬ್ಬರೂ ಕೂಡಿ ಒಂದ ಚಾದರದಾಗ ಮಲಗಿದವರು ಅಂತ ನನಗ ಈಗ ನೆನಸಾಕೂ ಹೇಸಿಗಿ ಆಗತೈತ್ರಿ. ಲಕೋಟಿ ಮ್ಯಾಲೆ ಡಾ. ಅಂತ ದಪ್ಪ ಅಕ್ಷರಲೆ ಬರದೇನಿ, ಓಣಿ ಮಂದಿ ಓದಲಿ.

ಚಾಂದಬಿ


ಹುಬ್ಬಳ್ಳಿ
2 ಮೇ 1984

ಚಾಂದಾ,

ಸಿರಾಜುದ್ದೀನ ಮಾಸ್ತರು ನೋಡಿದ್ದು ಖರೆ. ಆ ಗಂಟಿನಾಗ ಇದ್ದದ್ದು ಏನಂತ ಅವರಿಗೆ ಗೊತ್ತಿಲ್ಲ.

ನಿನಗ ಬೈದು ಬರದ ಮರುದಿನ ನಾ ನನ್ನ ಪೆಟಗಿ ತಗದೆ. ಅದರಾಗ ಹಿರೇಕೆರೂರಿನ ನಲವತ್ತು ಕಾಗದ ಅದಾವು. ಕೆಲಸ ಛಲೋ ನಡದೈತಿ ಅಂತ ನಿನಗ ಬರದಿದ್ನಲ್ಲ, ಸುಳ್ಳು. ನಮ್ಮ ಮನ್ಯಾಗನ ಮಾಡಿದ್ದೆ. ಅವ್ವ ಬಾಯಿ ತಗೀಬಾರದಂತ ಆಕಿನ್ನ ಹೊಲಕ್ಕ ಅಟ್ಟಿದ್ದೆ. ನಲವತ್ತು ಮಂದ್ಯಾಗ ಮೂವತ್ತೆಂಟು ಸೊನ್ನಿ. ಹಾನಗಲ್ಲಾಗೂ ಅದ ಹಣೆಬರಹ. ಇವು ಕೆಟ್ಟ ಕಾಗದ ಅಂತ ಬಟ್ಟಿ ಕೆಳಗ ಮುಚ್ಚಿಟ್ಟು, ತಪ್ಪು ನಿನ್ನ ಮ್ಯಾಲೆ ಹಾಕಿದೆ. ಸವಣೂರಿಗೆ ಯಾಕ ಬರಲಿಲ್ಲ ಅಂದ್ರ, ಬಂದ್ರ ನನ್ನ ಕಣ್ಣ ಮುಂದೂ ಸೊನ್ನಿನ ಬರತೈತಿ ಅಂತ ನನಗ ಗೊತ್ತಿತ್ತು. ನಿನ್ನ ಚಂದನ್ನ ಅಂಕಿ ಬಂದಾಗ ಹೆಂಗ ಬಂದ್ವು ಅಂತ ನಾ ಕೇಳಲಿಲ್ಲ. ಕೇಳಬೇಕಾದಾಕಿ ನಾನ ಇದ್ದೆ.

ಮಾರ್ಚ ಐದಕ್ಕ ಗೈಡ ಸರ್‌ಗೆ ಎಲ್ಲಾ ಹೇಳಿದೆ. ‘ಬಾಗಲದ ಹಿಂದ ಮುದುಕಿ ಇದ್ಲೋ ಬಿಟ್ಲೋ ಯಾರು ಕೇಳ್ತಾರ, ಅಂಕಿ ಹೊರದೇಶದ್ದಕ್ಕ ಕೂಡಾಕತ್ತಾವಲ್ಲ, ಬಾಯಿ ಮುಚ್ಚಕೊಂಡು ಕೊಡು’ ಅಂದ್ರು. ನಾ ಐದನೇ ಅಧ್ಯಾಯ ಹರದು ಹೊಸಾದು ಬರದೆ. ಹೇಳೂ ಮಂದಿ ಇಲ್ಲದ ಕಡೆ ನಮ್ಮವರು ತಿನ್ನೂದಿಲ್ಲ, ಈ ತಕ್ಕಡಿ ನಮಗ ಬರೂದಿಲ್ಲ, ನನ್ನ ಪ್ರಯೋಗ ಕೆಟ್ಟೈತಿ ಅಂತ ಬರದೆ. ಇಪ್ಪತ್ತಮೂರು ದಿನ ನಿದ್ದಿ ಇಲ್ಲ. ಸರ್ ಅದಕ್ಕ ಸಹಿ ಮಾಡಲಿಲ್ಲ. 31ಕ್ಕೆ ಗಂಟು ಹೊತ್ತಕೊಂಡು ಆಫೀಸಿಗೆ ಹೋದೆ, ಸಹಿ ಇಲ್ಲದ್ದು ತಗೊಳ್ಳೂದಿಲ್ಲ ಅಂದ್ರು. ಸಂಜಿ ಆಗೂತನಕ ಅಲ್ಲೆ ಬಾಕಿನ ಮ್ಯಾಲೆ ಕುಂತಿದ್ದೆ. ಮರುದಿನ ನನ್ನ ಹೆಸರು ಹೊಡದು ಹಾಕಿದ್ರು. ಅಪ್ಪಗ ಇನ್ನೂ ಹೇಳಿಲ್ಲ.

ನಿನ್ನ ಮ್ಯಾಲೆ ಸಿಟ್ಟು ಐತೇನು ಅಂದ್ರ, ಐತಿ. ನಿಮ್ಮವ್ವ ‘ತಿನ್ರಿ’ ಅಂದದ್ದಕ್ಕಲ್ಲ. ಅಕ್ಟೋಬರದಾಗ ಹೇಳಿದ್ರ ಬ್ಯಾರೆ ಏನರೆ ಮಾಡಾಕ ನನಗ ಟೈಮ ಇತ್ತು. ಕಡೀತನಕ ಹೇಳದ ಇದ್ರ ಡಿಗ್ರಿ ಇತ್ತು. ನೀ ನಡುವ ಬಾಯಿ ಬಿಟ್ಟಿ. ನೀ ಮಾಡಿದ್ದು ಸರಿ ಅಂತ ಗೊತ್ತಿದ್ದೂ ಸಿಟ್ಟು ಇಳೀವಲ್ದು, ನಾ ಏನು ಮಾಡ್ಲಿ? ಅಡಿವೆವ್ವನ ವಿಷಯ ಎಲ್ಲೂ ಇಲ್ಲ. ಆ ಹಾಳಿ ನಾನ ನನ್ನ ಕೈಲೆ ಸುಟ್ಟೇನಿ. ಸರ್ ಸಮ್ಮೇಳನದಾಗ ಏನು ಓದ್ತಾರೋ ಅದು ನನ್ನ ಕೈಯಾಗಿಲ್ಲ.

ನಿನ್ನ ಕಾಗದ ತಂದ ಪೋಸ್ಟಮನ್ ಲಕೋಟಿ ಮ್ಯಾಲಿನ ಹೆಸರು ಓದಿ ಗೇಟಿನಾಗ ನಿಂತು, ‘ಏನ್ರಿ ಅಕ್ಕಾರ, ಆತೇನ್ರಿ? ಭಾಳ ಸಂತೋಷಾತ್ರಿ’ ಅಂತ ಎರಡೂ ಕೈ ಮುಗದ. ಐದು ವರ್ಷ ನನಗ ಪುಸ್ತಕದ ಪಾರ್ಸಲ ತಂದು ಕೊಟ್ಟಾಂವ. ಇಲ್ಲಪ್ಪಾ, ಆಗಲಿಲ್ಲ ಅಂತ ಹೇಳಾಕ ಬಾಯಿ ತಗದೆ. ಹೂಂ ಅಂದು ಕಾಗದ ಇಸಗೊಂಡೆ.

ಮಾದೇವಿ